ಅಳತೆ ಪುಸ್ತಕದಲ್ಲಿ ಬರೆದ ವಚನ: ನನ್ನ ಅನುಭವ

ನನ್ನದು ಉಡುಪಿಯಲ್ಲಿ ಲೇಡೀಸ್ ಟೈಲರ್ ಅಂಗಡಿ. ಮೂರು ಮೆಷಿನ್, ಒಂದು ಓವರ್‌ಲಾಕ್, ಜೊತೆಗೆ ಹೊಲಿಯುವವರು ಇಬ್ಬರು. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಬರೆದ ಹಾಗೆಯೇ ಅಂಗಡಿ ನಡೆಸ್ತೇನೆ ಅಂದಾಗ ಪಕ್ಕದ ಟೈಲರ್ ಅಕ್ಕ ಹೇಳಿದ್ದು ಒಂದೇ ಮಾತು: "ಆರು ತಿಂಗಳಲ್ಲಿ ಬಾಗಿಲು ಹಾಕ್ತಿ ಮಾರಾಯ್ತಿ." ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರೂ ಆರಾಧನೆ ಬೇರೆ, ಅಂಗಡಿ ಲೆಕ್ಕ ಬೇರೆ ಅಂದರು. ಇದು ನಾಲ್ಕನೇ ವರ್ಷ. ಅಂಗಡಿ ನಡೀತಾ ಇದೆ, ಮೊದಲಿಗಿಂತ ಚೆನ್ನಾಗಿಯೇ.

ಮೊದಲು ಸೋತದ್ದನ್ನು ಹೇಳ್ತೇನೆ. ಒಂದು ವರ್ಷದಲ್ಲಿ ಪೂರ್ತಿ ಸತ್ಯವೇದ ಓದುವ ಪಟ್ಟಿ ನಿಮ್ಮ ಹತ್ತಿರವೂ ಇರಬಹುದು. ಮೂರು ವರ್ಷ ಹಿಡಿದೆ. ಮೂರು ವರ್ಷವೂ ಫೆಬ್ರವರಿಯಲ್ಲಿ ಯಾಜಕಕಾಂಡಕ್ಕೆ, ಬಲಿ-ಶುದ್ಧಿಯ ನಿಯಮಗಳಿರುವ ಮೂರನೇ ಪುಸ್ತಕಕ್ಕೆ, ಬಂದು ನಿಂತೆ. ಆಮೇಲೆ ಬೈಬಲ್ ವಚನದ ಕ್ಯಾಲೆಂಡರ್ ತಂದು ಗೋಡೆಗೆ ಹಾಕಿದೆ. ಒಂದು ವಾರ ಕಣ್ಣಿಗೆ ಬಿತ್ತು, ಅಷ್ಟೇ. ಅದರ ಕೆಳಗೇ ನಿಂತುಕೊಂಡು, ಇನ್ನೂ ಕಟಿಂಗ್ ಕೂಡ ಆಗದ ಬಟ್ಟೆಗೆ "ನಾಳೆ ಸಂಜೆ ಬನ್ನಿ, ರೆಡಿ ಇರ್ತದೆ" ಅನ್ನುತ್ತಿದ್ದೆ. ನಮ್ಮ ಕಸುಬಿನಲ್ಲಿ ಇದನ್ನು ಯಾರೂ ಸುಳ್ಳು ಅಂತ ಲೆಕ್ಕ ಹಿಡಿಯುವುದೇ ಇಲ್ಲ, ಅಲ್ವಾ?

ಒಮ್ಮೆ ಹೆಬ್ರಿ ಕಡೆಯ ಒಬ್ಬರು ಮಗಳ ಮದರಂಗಿಯ ಬ್ಲೌಸಿಗೆ ಬಸ್ಸಿನಲ್ಲಿ ಮೂರು ಸಲ ಬಂದರು. ಮೂರನೇ ಸಲವೂ ಆಗಿರಲಿಲ್ಲ. ಅವರು ಬೈಯಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು, ಸೆರಗಿನ ತುದಿಯ ಗಂಟು ಬಿಚ್ಚಿ, ವಾಪಸ್ ಹೋಗುವ ಬಸ್ಸಿಗೆ ಚಿಲ್ಲರೆ ಎಣಿಸಿದರು. ಆ ರಾತ್ರಿ ಅಳತೆ ಪುಸ್ತಕದಲ್ಲಿ ಯೇಸುವಿನ ಮಾತು, ಮತ್ತಾಯ 5:37 ಬರೆದೆ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ. ಒಂದು ಕಡೆ ಅಲ್ಲ, ಪ್ರತಿ ಪುಟದ ತಲೆಯಲ್ಲಿ, ತಾರೀಕು ಬರೆಯುವ ಜಾಗದ ಪಕ್ಕದಲ್ಲೇ.

ನನ್ನ ಕ್ರಮ ಇಷ್ಟೇ. ಮೂರು ತಿಂಗಳಿಗೆ ಒಂದೇ ವಚನ. ಅದು ಹಣದ ಡಬ್ಬಿಯನ್ನು ಮುಟ್ಟಬೇಕು. ಮುಟ್ಟದಿದ್ದರೆ ನಾನು ಅದನ್ನು ಬರೀ ಓದ್ತಾ ಇದ್ದೇನೆ ಅಂತ ಅರ್ಥ.

ಮೊದಲ ಚೌತಿ ಸೀಸನ್ನಿಗೆ, ಹೇಳಿದ ದಿನಕ್ಕೆ ಆಗಲಿಕ್ಕಿಲ್ಲ ಅಂತ, ಹೆಚ್ಚುಕಡಿಮೆ ನಲವತ್ತು ಬ್ಲೌಸ್ ಬೇಡ ಅಂದೆ. ಒಂಬತ್ತು ಹತ್ತು ಸಾವಿರ ರೂಪಾಯಿ ಕೈಬಿಟ್ಟ ಹಾಗೆ. ರಾತ್ರಿ ನಿದ್ದೆ ಬರಲಿಲ್ಲ. ಆದರೆ ದಸರೆಗೆ ಆ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಮುಂಚೆಯೇ ಬಟ್ಟೆ ತಂದುಕೊಟ್ಟರು, ಕೇಳದೆಯೇ ಅಡ್ವಾನ್ಸ್ ಇಟ್ಟರು. ಕೊಟ್ಟ ತಾರೀಕು ತಪ್ಪಿದ್ದು ಇಲ್ಲಿಯವರೆಗೆ ನಾಲ್ಕೋ ಐದೋ ಸಲ. ಒಂದು ಸಲ ಮೋಟಾರ್ ಸುಟ್ಟುಹೋಗಿತ್ತು. ಆಗೆಲ್ಲ ಹೊಲಿಗೆಯ ದುಡ್ಡು ತಗೊಂಡಿಲ್ಲ. ದಿನಕ್ಕೆ ಎಷ್ಟು ಒಪ್ಪಿಕೊಳ್ಳಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಪಕ್ಕದ ಅಕ್ಕ ಈ ವರ್ಷ ಬಂದು ಅದನ್ನೇ ಕೇಳಿದರು. ಕಟಿಂಗ್ ದಿನ, ಹೊಲಿಗೆ ದಿನ ಬೇರೆ ಬೇರೆ ಇಡಿ ಅಂತ ಅರ್ಧ ಹೇಳಿದೆ. ಉಳಿದರ್ಧ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎರಡನೇ ವಚನ ಸಿಕ್ಕಿದ್ದು ನಾನು ಪ್ರತಿ ವರ್ಷ ಓದು ನಿಲ್ಲಿಸುತ್ತಿದ್ದ ಯಾಜಕಕಾಂಡದಲ್ಲೇ. 19:13. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು. ನಮ್ಮಲ್ಲಿ ಶನಿವಾರ ಬಟವಾಡೆ. ಮಳೆಗಾಲದಲ್ಲಿ ಅದೂ ಮುಂದಕ್ಕೆ ಹೋಗುತ್ತಿತ್ತು. ದಿನಾ ಸಂಜೆ ಕೊಡ್ತೇನೆ ಅಂತ ಶುರು ಮಾಡಿ ಹದಿನೆಂಟು ದಿನಕ್ಕೆ ಕೈ ಖಾಲಿ. ಗಿರಾಕಿ ದುಡ್ಡು ಕೊಡುವುದು ಬಟ್ಟೆ ಒಯ್ಯುವಾಗ ತಾನೆ? ಹೊಸ ಓವರ್‌ಲಾಕಿಗೆ ಅಂತ ಕೂಡಿಟ್ಟ ಹನ್ನೆರಡು ಸಾವಿರವನ್ನು ಕೂಲಿಗೆ ಅಂತಲೇ ಬೇರೆ ಡಬ್ಬಿಗೆ ಹಾಕಿದೆ. ಹಳೇ ಓವರ್‌ಲಾಕ್ ಇನ್ನೂ ಓಡ್ತಾ ಇದೆ. ಸೀಸನ್ ಬಂದಾಗ ಬೇರೆಯವರ ಕೆಲಸಗಾರರು ಬಿಟ್ಟು ಹೋಗ್ತಾರೆ. ನನ್ನ ಇಬ್ಬರೂ ಇದ್ದಾರೆ.

ಮೂರನೆಯದು ಕೀರ್ತನೆ 15. ನಷ್ಟವಾದರೂ ಮಾತು ತಪ್ಪದವನು. ಅದೇ ತಿಂಗಳು ಒಂದು ರೇಷ್ಮೆ ಬ್ಲೌಸಿನ ತೋಳು ತಪ್ಪಿ ಕತ್ತರಿಸಿದೆ. ಮೊದಲಾಗಿದ್ದರೆ "ಬಟ್ಟೆ ಕಡಿಮೆ ಬಂತಮ್ಮ" ಅಂತಿದ್ದೆ. ಬಾಯಿ ತುದಿಗೆ ಬಂದಿತ್ತು. ಪುಸ್ತಕ ತೆರೆದೇ ಇತ್ತು. "ನನ್ನ ಕೈ ತಪ್ಪಿದ್ದು" ಅಂದೆ. ಬಟ್ಟೆಗೆ ಸುಮಾರು 1,400 ರೂಪಾಯಿ ಹೋಯಿತು. ಅವರು ಈಗಲೂ ನನ್ನ ಗಿರಾಕಿ.

ಬೇರೆ ಏನೇನೋ ಮಾಡಿ ನೋಡಿದೆ. ಪ್ರತಿ ಬ್ಲೌಸ್ ಕತ್ತರಿಸುವ ಮೊದಲು ಪ್ರಾರ್ಥನೆ ಅಂತ ಹೊರಟದ್ದು ಎರಡು ವಾರ ನಡೆಯಿತು. ಈಗ ಬೆಳಗ್ಗೆ ಶಟರ್ ಎತ್ತುವಾಗ ಒಂದೇ ಸಲ. ಚೂರುಬಟ್ಟೆಯದ್ದು ಮಾತ್ರ ಚೆನ್ನಾಗಿ ಆಯಿತು. ಉಳಿದದ್ದನ್ನು ಮೊದಲು ಗಿರಾಕಿಗೇ ಕೊಡುತ್ತೇನೆ. ಬೇಡ ಅಂದರೆ ಬಾಗಿಲ ಹತ್ತಿರದ ಬುಟ್ಟಿಗೆ. ಹೊಲದ ಅಂಚನ್ನು ಬಡವರಿಗೆ ಬಿಡಿ ಅಂತ ಅದೇ 19ನೇ ಅಧ್ಯಾಯದಲ್ಲಿದೆ. ನಾನು ಕೈಯೆತ್ತಿ ಕೊಡುವುದಿಲ್ಲ, ಬೇಕಾದವರೇ ಆರಿಸಿಕೊಳ್ಳಬೇಕು. ಒಬ್ಬ ಅಜ್ಜಿ ಅದರಲ್ಲೇ ಮೊಮ್ಮಗುವಿಗೆ ಕೌದಿ ಹೊಲಿದು ತಂದು ತೋರಿಸಿದರು. ಸತ್ಯವೇದದಲ್ಲಿ ಬರುವ ಯೊಪ್ಪ ಊರಿನಲ್ಲಿ, ಬಡವರಿಗೆ ನೆರವಾಗುತ್ತಿದ್ದ ತಬಿಥಾ ತೀರಿಕೊಂಡಾಗ ವಿಧವೆಯರು ಅವಳು ಹೊಲಿದ ಅಂಗಿಗಳನ್ನು ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸುತ್ತಾ ಅತ್ತದ್ದು ಆಗ ನೆನಪಾಯಿತು. ಟೈಲರ್ ಆಗಿ ಆ ಭಾಗ ಓದುವಾಗ ನನ್ನ ಎದೆ ತುಂಬಿ ಬರ್ತದೆ.

ಈ ಮೂರು ತಿಂಗಳು ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ. ಚಿನ್ನದ ಉಂಗುರದವನಿಗೆ ಒಳ್ಳೆ ಜಾಗ, ಕೊಳಕು ಬಟ್ಟೆಯವನಿಗೆ ಕಾಲಡಿ ಜಾಗ ಕೊಡಬೇಡಿ ಅನ್ನುವ ಮಾತು. ನನ್ನ ಅಂಗಡಿಯಲ್ಲಿ ಒಂದು ಕುಶನ್ ಕುರ್ಚಿ, ಒಂದು ಕಾಲು ಸೀಳಿದ ಪ್ಲಾಸ್ಟಿಕ್ ಸ್ಟೂಲ್ ಇತ್ತು. ಕಾರಿನಲ್ಲಿ ಬಂದವರಿಗೆ ಯಾವುದನ್ನು ಎಳೆದು ಕೊಡುತ್ತಿದ್ದೆ ಅಂತ ನನ್ನ ಕೈಗೆ ಗೊತ್ತು. ಕಳೆದ ಸೋಮವಾರ ಒಂದೇ ಥರದ ಎರಡು ಕುರ್ಚಿ ತಂದು ಹಾಕಿದೆ. ಹೆಬ್ರಿಯವರು ನಿನ್ನೆ ಬಂದಿದ್ದರು, ಎರಡನೇ ಮಗಳ ಬಟ್ಟೆ ಕೊಡಲು. ಒಂದರಲ್ಲಿ ಕೂತರು.