ಗದ್ದೆ ತೋಟದ ನೀರಿಗೆ ಮೂರು ಎಚ್‌ಪಿ ಸಾಕಾಯಿತು

ನಾನೇ ಮಾಡಿಸಿದ ಪ್ರೊಪೆಲ್ಲರ್ ಪಂಪಿನಿಂದ ಈ ಮಳೆಗಾಲದಲ್ಲಿ ನಮ್ಮ ಹಳ್ಳದ ಪಕ್ಕದ ಅಡಿಕೆ ತೋಟದಲ್ಲಿ ನೀರು ಒಂದು ದಿನಕ್ಕಿಂತ ಜಾಸ್ತಿ ನಿಲ್ಲಲಿಲ್ಲ. ಮೂರು ಎಕರೆ ತೋಟ, ಮೊದಲು ಗದ್ದೆ. ಸಕಲೇಶಪುರ, ಹಾನುಬಾಳು ಕಡೆಯವರಿಗೆ ಇಂಥ ಜಾಗ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೂರು ಕಡೆ ಕಾಫಿ ಗುಡ್ಡ, ನಾಲ್ಕನೇ ಕಡೆ ಏರಿ, ಏರಿಯಾಚೆ ಹಳ್ಳ. ಮಾಮೂಲಿ ಮಳೆಗೆ ತೂಬಿನಲ್ಲಿ ನೀರು ತಾನಾಗಿ ಹೋಗುತ್ತದೆ. ಹೇಮಾವತಿ ತುಂಬಿ ಹಳ್ಳ ಹಿಂದಕ್ಕೆ ಒತ್ತಿದಾಗ ಮಾತ್ರ ತೂಬು ಮುಚ್ಚಲೇಬೇಕು. ಇಲ್ಲದಿದ್ದರೆ ಹಳ್ಳದ ನೀರೇ ಒಳಗೆ ನುಗ್ಗುತ್ತದೆ. ಆಮೇಲೆ ಒಳಗಿನ ನೀರಿಗೆ ಪಂಪೇ ಗತಿ.

2018 ಮತ್ತು 2019ರ ಆಗಸ್ಟ್ ಯಾರಿಗೂ ಮರೆತಿರಲಿಕ್ಕಿಲ್ಲ. ಎರಡು ವರ್ಷವೂ ವಾರಗಟ್ಟಲೆ ನೀರು ನಿಂತು ಎಳೆ ಅಡಿಕೆ ಗಿಡ ಹಳದಿಯಾದವು. ಮೆಣಸಿನ ಬಳ್ಳಿ ಸೊರಗು ರೋಗಕ್ಕೆ ಸಾಲು ಸಾಲಾಗಿ ಹೋಯಿತು. ಅಲ್ಲಿಂದ ಶುರುವಾಯಿತು ಪಂಪಿನ ಖರ್ಚು.

ಮೊದಲು ಇಳಿಸಿದ್ದು ಮನೆಯಲ್ಲೇ ಇದ್ದ 5 ಎಚ್‌ಪಿ ಮೋನೋಬ್ಲಾಕ್, ಮೋಟಾರ್ ಪಂಪ್ ಎರಡೂ ಒಂದೇ ಶಾಫ್ಟಿನಲ್ಲಿ ಇರುವುದು. ಗುಡ್ಡದ ಮೇಲಿನ ಟ್ಯಾಂಕಿಗೆ ನೀರೆತ್ತುವ ಪಂಪ್ ಅದು, ಹೆಡ್ (ನೀರು ಎತ್ತುವ ಎತ್ತರ) ಜಾಸ್ತಿ. ಎಂಟು ಅಡಿ ಏರಿ ದಾಟಿಸುವುದು ಅದಕ್ಕೆ ಯಾವ ಲೆಕ್ಕ ಅಂತ ಎಲ್ಲರೂ ಅಂದರು. ಲೆಕ್ಕವೇ ಬೇರೆ. ಈ ಜಾತಿಯ ಪಂಪಿಗೆ ಹೆಡ್ ಕಡಿಮೆ ಆದಷ್ಟೂ ನೀರು ಜಾಸ್ತಿ ಎಳೆಯುತ್ತದೆ, ಮೋಟಾರಿನ ಮೇಲೆ ಭಾರ ಏರುತ್ತದೆ. ಆಂಪ್ಸ್ ಹತ್ತು ದಾಟಿ ಮೋಟಾರ್ ಮುಟ್ಟಲಾಗದಷ್ಟು ಬಿಸಿ. ಎಲೆಕ್ಟ್ರಿಷಿಯನ್ ಬಂದು ಗೇಟ್ ವಾಲ್ವ್ ಅರ್ಧ ಮುಚ್ಚಿಸಿದರು. ಆಂಪ್ಸ್ ಇಳಿಯಿತು, ನೀರೂ ಇಳಿಯಿತು. ಕರೆಂಟ್ ಕೊಟ್ಟು ವಾಲ್ವಿನ ಬಾಯಲ್ಲಿ ನೀರು ಕುದಿಸಿದ ಹಾಗೆ. ಕೊನೆಗೆ ಒಂದು ರಾತ್ರಿ ಒಂದು ಫೇಸ್ ಹೋಗಿ ವೈಂಡಿಂಗ್ ಸುಟ್ಟಿತು. ರಿವೈಂಡಿಂಗಿಗೆ ಐದು ಸಾವಿರದ ಹತ್ತಿರ.

ಎರಡನೆಯದು ಅಂಗಡಿಯವರು ಒಪ್ಪಿಸಿ ಕೊಟ್ಟದ್ದು: ಕೆಸರು ನೀರಿಗೆ ಅಂತ ಮಾರುವ 3 ಎಚ್‌ಪಿ ಸಬ್‌ಮರ್ಸಿಬಲ್, ಮೂರಿಂಚಿನ ಹೋಸ್. ಮೂವತ್ತು ಸಾವಿರ ಮೇಲಾಯಿತು. ಮೊದಲ ಮಳೆಗಾಲ ಪರವಾಗಿಲ್ಲ. ಎರಡನೆಯದರಲ್ಲಿ ಮರಳು ಸೀಲ್ ತಿಂದು ಮೋಟಾರಿನೊಳಗೆ ನೀರು ಹೋಯಿತು. ಅದು ಕೆಟ್ಟದ್ದಕ್ಕಿಂತ ನನಗೆ ಸಿಟ್ಟು ಬಂದದ್ದು ಅದು ಚೆನ್ನಾಗಿದ್ದಾಗಲೂ ನೀರು ಇಳಿಯದೆ ಇದ್ದದ್ದಕ್ಕೆ.

ಆಗ ಕೂತು ಲೆಕ್ಕ ಹಾಕಿದೆ. ಒಂದು ಎಕರೆಗೆ ಒಂದು ಇಂಚು ಮಳೆ ಅಂದರೆ ಒಂದು ಲಕ್ಷ ಲೀಟರಿಗೆ ಚೂರು ಜಾಸ್ತಿ. ನಮ್ಮ ಕಡೆ ಆಗಸ್ಟಿನಲ್ಲಿ ದಿನಕ್ಕೆ ನಾಲ್ಕು ಇಂಚು ಹೊಸದಲ್ಲ. ಮೂರು ಎಕರೆಗೆ ಹನ್ನೆರಡು ಲಕ್ಷ ಲೀಟರ್. ಸೆಕೆಂಡಿಗೆ 20 ಲೀಟರ್ ಎತ್ತಿದರೂ ಹದಿನೇಳು ಗಂಟೆ ಬೇಕು, ಅಷ್ಟರಲ್ಲಿ ಮತ್ತೆ ಮಳೆ.

ಆ 20 ಲೀಟರ್ ಮೂರಿಂಚಿನ ಪೈಪಿನಲ್ಲಿ ಹೋಗುತ್ತದಾ? ನಮ್ಮ ಪಂಪ್ ಮನೆ ಏರಿಯಿಂದ 120 ಅಡಿ ದೂರ, ಕರೆಂಟ್ ಕಂಬ ಅಲ್ಲಿತ್ತು ಅಂತ. ಅಷ್ಟು ಉದ್ದದ ಮೂರಿಂಚಿನ ಪೈಪಿನಲ್ಲಿ 20 ಲೀಟರ್ ತಳ್ಳಲು ಬರೀ ಉಜ್ಜಾಟಕ್ಕೇ 25 ಅಡಿ ಹೆಡ್ ಹೋಗುತ್ತದೆ. ನಾಲ್ಕಿಂಚಿಗೆ ಆರಡಿ. ಆರಿಂಚಿಗೆ ಒಂದು ಅಡಿಯೂ ಇಲ್ಲ. ನಿಜವಾಗಿ ಎತ್ತಬೇಕಾದದ್ದು ಎಂಟೇ ಅಡಿ! ನಾವೆಲ್ಲ ಎಚ್‌ಪಿ ಕೇಳಿ ಪಂಪ್ ತರುತ್ತೇವೆ, ಪೈಪ್ ಮಾತ್ರ ಮನೆಯಲ್ಲಿ ಯಾವುದಿದೆಯೋ ಅದೇ.

ಹಾಗಾದರೆ ಬೇಕಾದದ್ದು ಹೆಡ್ ಕಡಿಮೆ, ನೀರು ಜಾಸ್ತಿ ಇರುವ ಪಂಪ್. ಕೇರಳದ ಕುಟ್ಟನಾಡಿನಲ್ಲಿ ಸಮುದ್ರ ಮಟ್ಟಕ್ಕಿಂತ ಕೆಳಗಿರುವ ಗದ್ದೆಯ ನೀರನ್ನು 'ಪೆಟ್ಟಿ-ಪರ' ಅಂತ ಮರದ ಪೆಟ್ಟಿಗೆಯ ಪಂಪಿನಲ್ಲಿ ಹೊರಗೆ ಹಾಕುತ್ತಾರೆ. ಒಳಗೆ ಇರುವುದು ಪ್ರೊಪೆಲ್ಲರ್, ಅಷ್ಟೇ. ಥಾಯ್ಲೆಂಡಿನಲ್ಲಿ ಉದ್ದ ಕೊಳವೆಯೊಳಗೆ ಅದನ್ನೇ ಕೂರಿಸಿ ಟಿಲ್ಲರ್‌ಗೆ ಕಟ್ಟುತ್ತಾರೆ. ಅಂಥದ್ದೊಂದು ಮಾಡೋಣ ಅಂತ ಹೊರಟೆ. ಅಂಗಡಿಯವರು "ಐದು ಎಚ್‌ಪಿ ಇಲ್ದೆ ಆಗಲ್ಲ ಸಾರ್, ಸುಮ್ನೆ ದುಡ್ಡು ಹಾಳು" ಅಂದರು. ಲೇಥಿನವನು ಮೊದಲ ದಿನವೇ ನಕ್ಕ. ಪಕ್ಕದ ತೋಟದವರು ಬಂದು ನೋಡಿ, "ಗೌಡ್ರೇ, ಇದು ಪಂಪಾ, ಫ್ಯಾನಾ?" ಅಂದರು. ಈಗ ಅವರೇ ಅಳತೆ ತೆಗೆದುಕೊಂಡು ಹೋಗಿದ್ದಾರೆ, ಇರಲಿ.

ಗುಜರಿಯಲ್ಲಿ ಸಿಕ್ಕ ಎಂಟಿಂಚಿನ ಕಬ್ಬಿಣದ ಪೈಪ್, ಇಪ್ಪತ್ತು ಅಡಿ. ಒಳಗೆ ಉದ್ದ ಶಾಫ್ಟ್, ತುದಿಗೆ ಪ್ರೊಪೆಲ್ಲರ್, ಮೇಲೆ ಪುಲ್ಲಿ. ಏರಿಯ ಬುಡದಲ್ಲೇ ಗುಂಡಿ ತೋಡಿ, ಪೈಪನ್ನು ಓರೆಯಾಗಿ ಏರಿಗೆ ಒರಗಿಸಿದೆ. ಪೈಪ್ ದೂರ ಎಳೆಯುವ ಬದಲು ಕೇಬಲ್ ದೂರ ಎಳೆದೆ. ಕೇಬಲ್ ಮಾತ್ರ ದಪ್ಪದ್ದೇ ಬೇಕು. ಮಳೆಗಾಲದಲ್ಲಿ ವೋಲ್ಟೇಜ್ ಮೊದಲೇ 350ರ ಹತ್ತಿರಕ್ಕೆ ಇಳಿದಿರುತ್ತದೆ, ಸಣ್ಣ ಕೇಬಲಿನಲ್ಲಿ ಇನ್ನೂ ಇಳಿಯುತ್ತದೆ.

ಮೊದಲ ಪ್ರೊಪೆಲ್ಲರ್ ತಗಡು ಕತ್ತರಿಸಿ ಬೆಸುಗೆ ಹಾಕಿದ್ದು. ಒಂದು ಕಟ್ಟಿಗೆ ತುಂಡು ಬಡಿದು ರೆಕ್ಕೆ ಮಡಚಿತು. ಆಮೇಲೆ ಮಂಗಳೂರು ಕಡೆಯಿಂದ ದೋಣಿಯ ಹಳೇ ಹಿತ್ತಾಳೆ ಪ್ರೊಪೆಲ್ಲರ್ ತರಿಸಿದೆ. ಅದನ್ನು ಲೇಥಿಗೆ ಹಾಕಿ ಪೈಪಿನ ಗೋಡೆಗೂ ರೆಕ್ಕೆಗೂ ನಡುವೆ ಎರಡು ಮೂರು ಮಿಲಿಮೀಟರ್ ಉಳಿಸಿದೆವು. ಈ ಸಂದು ಬೆಳೆದರೆ ನೀರು ಅಲ್ಲೇ ಸುತ್ತುತ್ತದೆ, ಮೇಲೆ ಬರಲ್ಲ. ರೆಕ್ಕೆಯನ್ನು ಎಷ್ಟು ತಿರುಚಿದೆ ಅಂತ ಕೇಳಬೇಡಿ, ಅದಕ್ಕೆ ನಾನು ಒಂದು ಇಡೀ ಬೇಸಿಗೆ ಕೊಟ್ಟಿದ್ದೇನೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಪ್ರೊಪೆಲ್ಲರ್ ದಾಟಿದ ನೀರು ಪೈಪಿನೊಳಗೆ ತಿರುಗುತ್ತಾ ಬರುತ್ತದೆ, ಆ ತಿರುಗಾಟ ದಂಡ. ಪ್ರೊಪೆಲ್ಲರಿನ ಮೇಲೆ ನಾಲ್ಕು ಪಟ್ಟಿಗಳನ್ನು ಉದ್ದಕ್ಕೆ ಬೆಸುಗೆ ಹಾಕಿಸಿದೆ. ನೀರು ಕಣ್ಣಿಗೆ ಕಾಣುವಷ್ಟು ಜಾಸ್ತಿಯಾಯಿತು.

ಹಳೇ 3 ಎಚ್‌ಪಿ ಮೋಟಾರ್, ನಿಮಿಷಕ್ಕೆ 1440 ಸುತ್ತಿನದು. ಪುಲ್ಲಿ ಬದಲಿಸಿ ಶಾಫ್ಟ್ ಸಾವಿರದ ಆಸುಪಾಸು ತಿರುಗುವ ಹಾಗೆ ಮಾಡಿದೆ. ಹತ್ತಡಿ ಅಗಲ, ಹತ್ತಡಿ ಉದ್ದ, ನಾಲ್ಕಡಿ ಆಳದ ಸಿಮೆಂಟ್ ತೊಟ್ಟಿ ಐದು ನಿಮಿಷದೊಳಗೆ ತುಂಬಿತು. ಅಂದರೆ ಸೆಕೆಂಡಿಗೆ 40 ಲೀಟರ್ ಹತ್ತಿರ. ಹನ್ನೆರಡು ಲಕ್ಷ ಲೀಟರ್ ಎಂಟೂವರೆ ಗಂಟೆಯಲ್ಲಿ ಆಚೆ. ಎಂಟು ಅಡಿ ಎತ್ತಲು ಇಷ್ಟು ನೀರಿಗೆ ನಿಜವಾಗಿ ಬೇಕಾದದ್ದು ಒಂದೂಕಾಲು, ಒಂದೂವರೆ ಎಚ್‌ಪಿ ಅಷ್ಟೇ. ಮಿಕ್ಕಿದ್ದು ನಮ್ಮ ನಾಟಿ ಕೆಲಸಕ್ಕೆ ಸುಂಕ.

ಪ್ರೊಪೆಲ್ಲರ್ ನೀರಿನೊಳಗೇ ಇರುವುದರಿಂದ ಫುಟ್‌ವಾಲ್ವ್ ಇಲ್ಲ, ಪ್ರೈಮಿಂಗ್ ಇಲ್ಲ. ರಾತ್ರಿ ಎರಡು ಗಂಟೆಗೆ ಬಕೆಟ್ ಹಿಡಿದು ನೀರು ತುಂಬಿಸುವ ಕೆಲಸ ತಪ್ಪಿತು. ಆದರೆ ಪ್ರೊಪೆಲ್ಲರಿನ ಮೇಲೆ ಒಂದೂವರೆ ಅಡಿಯಾದರೂ ನೀರು ಇರಬೇಕು, ಇಲ್ಲದಿದ್ದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ. ಅದಕ್ಕೇ ಗುಂಡಿ ಆಳ ಇರಬೇಕು. ಇದರಲ್ಲಿ ವಾಲ್ವ್ ಮುಚ್ಚಿ ಸ್ಟಾರ್ಟ್ ಮಾಡುವ ಅಭ್ಯಾಸವನ್ನೂ ಬಿಡಬೇಕು. ಮೋನೋಬ್ಲಾಕಿಗೆ ಮುಚ್ಚಿ ಶುರು ಮಾಡಿದರೆ ಭಾರ ಕಡಿಮೆ, ಇದಕ್ಕೆ ಮುಚ್ಚಿದರೇ ಭಾರ ಜಾಸ್ತಿ. ನಾನು ವಾಲ್ವೇ ಇಟ್ಟಿಲ್ಲ. ಪೈಪಿನ ಬಾಯಿ ಹಳ್ಳದ ಪ್ರವಾಹದ ಗುರುತಿಗಿಂತ ಮೇಲಿದೆ, ಪಂಪ್ ನಿಂತರೂ ನೀರು ವಾಪಸ್ ಬರಲ್ಲ.

ಕರೆಂಟ್ ಹೋಗುವುದು ಸರಿಯಾಗಿ ಬೇಕಾದಾಗಲೇ ಅಲ್ವಾ? ಮರ ಬಿದ್ದರೆ ಎರಡು ಮೂರು ದಿನ ಕತ್ತಲೆ. ಅದಕ್ಕೆ ಪಂಪಿನ ಮೇಲೆ ಇನ್ನೊಂದು ಪುಲ್ಲಿ ಹಾಕಿ ಟಿಲ್ಲರ್ ಪಕ್ಕದಲ್ಲಿ ನಿಲ್ಲಿಸಲು ಕಲ್ಲು ಹಾಸಿದ್ದೇನೆ. ಮೋಟಾರ್ ಬೆಲ್ಟ್ ಬಿಚ್ಚಿ ಟಿಲ್ಲರ್ ಬೆಲ್ಟ್ ಹಾಕಲು ಕಾಲು ಗಂಟೆ. ಡೀಸೆಲ್ ಗಂಟೆಗೆ ಒಂದು ಲೀಟರ್ ಆಸುಪಾಸು. ಇಡೀ ರಾತ್ರಿ ಓಡಿದರೂ ಸಾವಿರ ರೂಪಾಯಿ ಚಿಲ್ಲರೆ.

ಲೈನ್ ರಿಪೇರಿ ಆದ ಮೇಲೆ ಒಂದು ಸಲ ಮೋಟಾರ್ ಓಡುತ್ತಿದೆ, ನೀರು ಮಾತ್ರ ಇಲ್ಲ. ಫೇಸ್ ಅದಲು ಬದಲಾಗಿ ಉಲ್ಟಾ ತಿರುಗುತ್ತಿತ್ತು. ಈಗ ಪುಲ್ಲಿಯ ಮೇಲೆ ಕೆಂಪು ಬಣ್ಣದಲ್ಲಿ ಬಾಣದ ಗುರುತಿದೆ. ಸ್ಟಾರ್ಟರ್‌ಗೆ ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದ್ದೇನೆ, ಒಂದು ವೈಂಡಿಂಗ್ ಉಳಿದರೆ ಅದರ ದುಡ್ಡು ವಾಪಸ್.

ಕಸದ ಕಾಟ ಮಾತ್ರ ಪೂರ್ತಿ ತಪ್ಪಿಲ್ಲ. ಅಡಿಕೆ ಹಾಳೆ, ಸಿಲ್ವರ್ ಓಕ್ ಎಲೆ, ಹುಲ್ಲು. ಗುಂಡಿಯ ಬಾಯಿಗೆ ಸಣ್ಣ ಜಾಲರಿ ಹಾಕಿದರೆ ಹತ್ತು ನಿಮಿಷದಲ್ಲಿ ಮುಚ್ಚಿಹೋಗುತ್ತದೆ. ಜಾಲರಿ ದೊಡ್ಡದಾಗಿ, ನೀರು ನಿಧಾನ ಬರುವ ಜಾಗದಲ್ಲಿ ಇರಬೇಕು. ಬಸಿಗಾಲುವೆಯಲ್ಲಿ ಇಪ್ಪತ್ತು ಅಡಿ ಹಿಂದೆ ಬಿದಿರಿನ ತಟ್ಟಿ, ಆಮೇಲೆ ಒಂದಿಂಚು ಸಂದಿನ ಸರಳಿನ ಜಾಲರಿ. ಅದರ ಸಂದಿನಲ್ಲಿ ನುಸುಳಿದ ಮೀನು ಪಂಪಿನಲ್ಲಿ ಇಡಿಯಾಗಿ ಹೊರಗೆ ಬೀಳುತ್ತವೆ. ಆಳುಗಳು ಪೈಪಿನ ಬಾಯಿಗೆ ಬುಟ್ಟಿ ಕಟ್ಟಿದ್ದರು. ಅವತ್ತಿನಿಂದ ರಾತ್ರಿ ಪಂಪ್ ಕಾಯಲು ಜನ ಹುಡುಕುವ ಕೆಲಸ ಇಲ್ಲ.

ಎರಡು ಕೆಲಸ ಪಂಪಿಗಿಂತ ಮುಖ್ಯ. ಗುಡ್ಡದ ನೀರು ತೋಟಕ್ಕೆ ಇಳಿಯದಂತೆ ಬುಡದ ಸುತ್ತ ಕಾಲುವೆ ತೋಡಿ ಹಳ್ಳಕ್ಕೆ ತಿರುಗಿಸಿ, ಪಂಪ್ ತೋಟದ ಮೇಲೆ ಬಿದ್ದ ಮಳೆಯನ್ನಷ್ಟೇ ಎತ್ತಲಿ. ಇನ್ನೊಂದು, ಏಡಿ ಬಿಲ. ಏರಿಯಲ್ಲಿ ಏಡಿ ತೂತು ಮಾಡಿದ್ದರೆ ಹೊರಗೆ ಹಾಕಿದ ನೀರೇ ಒಳಗೆ ಬಂದು, ಅದನ್ನೇ ರಾತ್ರಿಯೆಲ್ಲಾ ಎತ್ತುತ್ತಾ ಕೂರುತ್ತೀರಿ. ಮೇ ತಿಂಗಳಲ್ಲಿ ಜೇಡಿಮಣ್ಣು ತುಂಬಿ ಬಡಿಸುತ್ತೇನೆ.

ನವೆಂಬರಿನಲ್ಲಿ ಪೈಪ್ ಎತ್ತಿ ತೊಳೆದು ಶೆಡ್ಡಿನಲ್ಲಿ ಮಲಗಿಸುತ್ತೇವೆ. ಕೆಸರಿನಲ್ಲೇ ಬಿಟ್ಟರೆ ಒಣಗಿ ಹಿಡಿದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಶಾಫ್ಟ್ ಕೈಯಲ್ಲಿ ತಿರುಗಿಸುವುದು, ಮೇಲಿನ ಬೇರಿಂಗಿಗೆ ಗ್ರೀಸ್. ಮಳೆಗೆ ಮುಂಚೆ ಮೋಟಾರಿನ ಮುಚ್ಚಳ ಬಿಚ್ಚಿ, ಒಳಗೆ ಹಳೇ ಕಾಲದ ನೂರು ವಾಟಿನ ಬಲ್ಬ್ ಎರಡು ದಿನ ಉರಿಸಿ ತೇವ ಆರಿಸುತ್ತೇನೆ. ಸ್ಟಾರ್ಟರ್ ಪೆಟ್ಟಿಗೆಯ ಸಂದು ಟೇಪಿನಿಂದ ಮುಚ್ಚಿ. ಹಲ್ಲಿ, ಇರುವೆ ಸೇರಿ ಕಾಂಟ್ಯಾಕ್ಟರ್ ಹಾಳು ಮಾಡಿದ್ದು ನೋಡಿದ್ದೇನೆ.

ಶಾಫ್ಟಿನ ಕೆಳತುದಿಯನ್ನು ಹಿಡಿದಿಡುವ ಬುಷ್ ನೀರಿನಲ್ಲೇ ಇರುತ್ತದೆ. ಹಿತ್ತಾಳೆ ಬುಷ್ ಮರಳಿಗೆ ಒಂದೇ ಮಳೆಗಾಲ ಬಂತು, ರಬ್ಬರಿನದು ಎರಡು. ಈಗ ಮರದ್ದು ಹಾಕಿದ್ದೇನೆ, ಇನ್ನೂ ಅಲುಗಾಡಿಲ್ಲ. ಯಾವ ಮರ, ಯಾವ ಎಣ್ಣೆಯಲ್ಲಿ ನೆನೆಸಿದ್ದು ಅಂತ ಸದ್ಯಕ್ಕೆ ಹೇಳಲ್ಲ.

ಮೋಟಾರ್ ಬಿಟ್ಟು ಪಂಪಿಗೆ ಆದದ್ದು ಇಪ್ಪತ್ತೈದು, ಇಪ್ಪತ್ತಾರು ಸಾವಿರ. ಕೇಬಲಿಗೆ ಹತ್ತರ ಮೇಲೆ. ಮೊದಲಿನ ಎರಡು ಪಂಪ್, ರಿವೈಂಡಿಂಗ್, ಬಾಡಿಗೆ ಇಂಜಿನ್ ಎಲ್ಲ ಸೇರಿ ಅದರ ಮೂರು ಪಟ್ಟು ಹೋಗಿತ್ತು. ಟಿಲ್ಲರ್ ಬೆಲ್ಟ್ ಮಳೆಯಲ್ಲಿ ನೆನೆದಾಗ ಜಾರುತ್ತದೆ. ಅದಕ್ಕೊಂದು ತಗಡಿನ ಗೂಡು ಮಾಡಿಸಬೇಕು, ಲೇಥಿನವನಿಗೆ ಹೇಳಿಟ್ಟಿದ್ದೇನೆ.