ಹಳೆಯ ಸುದ್ದಿಚಿತ್ರಗಳಲ್ಲಿ ದೇಶದ ದಿನಚರಿಯನ್ನು ಓದುವ ಬಗೆ

ಸಂಗ್ರಹಾಗಾರದ ಸುದ್ದಿಚಿತ್ರವನ್ನು, ಅಂದರೆ ಹಿಂದೆ ಚಿತ್ರಮಂದಿರಗಳಲ್ಲಿ ತೋರಿಸುತ್ತಿದ್ದ ಸುದ್ದಿಯ ಕಿರುಚಲನಚಿತ್ರವನ್ನು, ಇತಿಹಾಸದ ಆಕರವಾಗಿ ಬಳಸಬಯಸುವವರು ಮೊದಲ ಸಲ ಅದನ್ನು ಧ್ವನಿಯಿಲ್ಲದೆ ನೋಡಬೇಕು. ಏಕೆಂದರೆ ನಿರೂಪಣೆಯನ್ನು ಬಹುಮಟ್ಟಿಗೆ ಚಿತ್ರೀಕರಣದ ನಂತರ ಸೇರಿಸಲಾಗುತ್ತಿತ್ತು, ಏನನ್ನು ಕಾಣಬೇಕೆಂಬುದನ್ನು ಅದು ಮೊದಲೇ ತೀರ್ಮಾನಿಸಿಬಿಡುತ್ತದೆ. ಎರಡನೆಯ ಸಲ ವೇದಿಕೆಯ ಗಣ್ಯರನ್ನು ಬಿಟ್ಟು ಹಿಂದಿನ ಗುಂಪನ್ನು ಗಮನಿಸಿ: ಎಷ್ಟು ಜನರ ಕಾಲಲ್ಲಿ ಪಾದರಕ್ಷೆಗಳಿವೆ, ಹೆಂಗಸರು ಎಲ್ಲಿ ನಿಂತಿದ್ದಾರೆ, ಅಂಗಡಿಯ ಫಲಕ ಯಾವ ಲಿಪಿಯಲ್ಲಿದೆ, ಬೀದಿಯಲ್ಲಿ ಮೋಟಾರುಗಳು ಹೆಚ್ಚೋ ಗಾಡಿಗಳು ಹೆಚ್ಚೋ. ಛಾಯಾಗ್ರಾಹಕನು ಉದ್ದೇಶಿಸದೆ ದಾಖಲಿಸಿದ ಇಂತಹ ವಿವರಗಳೇ, ನನ್ನ ಮಟ್ಟಿಗೆ, ಭಾಷಣಗಳಿಗಿಂತ ಹೆಚ್ಚು ನಂಬಲರ್ಹವಾದವು.

ಜನರು ಓಡುವಂತೆ ನಡೆಯುತ್ತಿದ್ದರೆ ಅದು ಆ ಕಾಲದ ಅವಸರವಲ್ಲ. ಸೆಕೆಂಡಿಗೆ ಸುಮಾರು 16ರಿಂದ 18 ಚೌಕಟ್ಟುಗಳಂತೆ (ಫ್ರೇಮು, ಅಂದರೆ ಒಂದೊಂದು ಬಿಡಿಚಿತ್ರ) ತೆಗೆದ ಮೂಕಚಿತ್ರವನ್ನು 24ರ ವೇಗದಲ್ಲಿ ಓಡಿಸಿದ ಪರಿಣಾಮ. ವೇಗವನ್ನು ತಗ್ಗಿಸಿ ನೋಡಿ.

ಕಾಲನಿರ್ಣಯಕ್ಕೆ ಫಿಲ್ಮಿನ ಅಂಚು ನೆರವಾಗುತ್ತದೆ. ಕೊಡಾಕ್ ಫಿಲ್ಮಿನ ಅಂಚಿನಲ್ಲಿರುವ ವೃತ್ತ, ಚೌಕ, ತ್ರಿಕೋನಗಳು ಫಿಲ್ಮು ತಯಾರಾದ ವರ್ಷವನ್ನು ಸೂಚಿಸುತ್ತವೆಯಾದರೂ, ಅವು 20 ವರ್ಷಗಳಿಗೊಮ್ಮೆ ಮರುಕಳಿಸುತ್ತಿದ್ದುದರಿಂದ ಉಡುಪು, ವಾಹನ, ಕಟ್ಟಡಗಳ ಸಾಕ್ಷ್ಯದೊಡನೆ ತಾಳೆ ನೋಡುವುದು ಅನಿವಾರ್ಯ. 16 ಮಿಲಿಮೀಟರ್ ಫಿಲ್ಮು 1923ರಲ್ಲಿ ಬಂದಿತು. ಅದಕ್ಕೂ ಹಿಂದಿನ ದೃಶ್ಯಗಳು ಆ ಅಳತೆಯಲ್ಲಿ ದೊರೆತರೆ ಅವು ನಂತರ ಮಾಡಿದ ಪ್ರತಿಗಳೇ ಸರಿ.

ಅಂಚಿನಲ್ಲಿ ‘ನೈಟ್ರೇಟ್’ (ಸುಲಭವಾಗಿ ಹೊತ್ತಿಕೊಳ್ಳುವ ಹಳೆಯ ಬಗೆಯ ಫಿಲ್ಮು) ಎಂದು ಮುದ್ರಿತವಾದ ರೀಲು ಕೈಗೆ ಬಂದರೆ ಅದನ್ನು ಪ್ರೊಜೆಕ್ಟರಿಗೆ ಹಾಕಲೇಬಾರದು. ಒಮ್ಮೆ ಹೊತ್ತಿಕೊಂಡರೆ ಅದು ನೀರಿನಡಿಯಲ್ಲೂ ಉರಿಯಬಲ್ಲದು. ಬಿಸಿಲು, ಬೆಂಕಿಯಿಂದ ದೂರವಿಟ್ಟು ಪರಿಣತ ಸಂಗ್ರಹಾಗಾರವನ್ನು ಸಂಪರ್ಕಿಸಿ.