ಒಂದೊಂದಕ್ಕೆ ಒಂದೊಂದೋ, ಎಲ್ಲಕ್ಕೂ ಒಂದೇನೋ

ಬಿಎಸ್ಸಿ ಮೂರನೇ ಸೆಮಿಸ್ಟರಿನ ಮೊದಲ ಇಂಟರ್ನಲ್ ಟೆಸ್ಟ್. ಐದು ಅಂಕದ ಪ್ರಶ್ನೆಯೊಂದಕ್ಕೆ ನನಗೆ ಬಂದದ್ದು ಒಂದು ಅಂಕ. (3ಎನ್+1)/(ಎನ್+2) ಎಂಬ ಸೀಕ್ವೆನ್ಸಿನ, ಅಂದರೆ ಸಂಖ್ಯೆಗಳ ಸಾಲಿನ, ಲಿಮಿಟ್ 3 ಎಂದು ಸಾಧಿಸಿ ಅನ್ನುವುದು ಪ್ರಶ್ನೆ. ನಾನು ಅಂಶ, ಛೇದ ಎರಡನ್ನೂ ಎನ್‌ನಿಂದ ಭಾಗಿಸಿ, 1/ಎನ್ ಸೊನ್ನೆಯಾಗುತ್ತದೆ ಎಂದು ಬರೆದು, 3ರ ಕೆಳಗೆ ಎರಡು ಗೆರೆ ಎಳೆದಿದ್ದೆ. ಪಿಯುಸಿಯಲ್ಲಿ ಹೀಗೆ ಬರೆದೇ ಪೂರ್ತಿ ಅಂಕ ಪಡೆದವನು ನಾನು. ಪೇಪರು ಹಿಡಿದುಕೊಂಡು ಸ್ಟಾಫ್ ರೂಮಿಗೆ ಹೋದೆ.

"ಉತ್ತರ 3 ಅಂತ ನಾನೇ ಪ್ರಶ್ನೆಯಲ್ಲಿ ಕೊಟ್ಟಿದ್ದೀನಲ್ಲಪ್ಪ. ಯಾಕೆ ಅಂತ ಹೇಳು" ಅಂದರು ಸರ್. ನಾನು ಸುಮ್ಮನೆ ನಿಂತೆ. "ಎಸ್ಸೆಸ್ಸೆಲ್ಸಿ ಯಾವ ಮೀಡಿಯಂ?" "ಕನ್ನಡ ಸರ್." "ಥೇಲ್ಸ್ ಪ್ರಮೇಯ ಹೇಗೆ ಬರೀತಿದ್ದೆ?"

ದತ್ತ, ಸಾಧನೀಯ, ರಚನೆ, ಸಾಧನೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. "ಇದನ್ನೂ ಹಾಗೇ ಬರಿ, ಹೋಗು" ಅಂದರು. ಅಷ್ಟೇ. ಮೂರು ವರ್ಷದ ಡಿಗ್ರಿಯಲ್ಲಿ ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದ ಮಾತು ಇನ್ನೊಂದಿಲ್ಲ.

ಅಲ್ಲಿಯವರೆಗೆ ನನಗೆ ತೊಂದರೆಯೇ ಆಗಿರಲಿಲ್ಲ. ಮೊದಲೆರಡು ಸೆಮಿಸ್ಟರಿನ ಲೈಬ್ನಿಟ್ಸ್ ಪ್ರಮೇಯ, ಮ್ಯಾಟ್ರಿಕ್ಸ್, ರಿಡಕ್ಷನ್ ಫಾರ್ಮುಲಾಗಳನ್ನೆಲ್ಲ ಸೂತ್ರ ಬಾಯಿಪಾಠ ಮಾಡಿ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ದಾಟಿದ್ದೆ. ಮೂರನೆಯದರಲ್ಲಿ ಸೀಕ್ವೆನ್ಸ್ ಮತ್ತು ಗ್ರೂಪ್ ಥಿಯರಿ ಬಂದಾಗ ಕಲಿಯಲು ಸೂತ್ರವೇ ಇರಲಿಲ್ಲ. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಒಂದೇ ವಾಕ್ಯ, ಅದರಲ್ಲಿ ಎಪ್ಸಿಲಾನ್, ಎಂ, ಎನ್. ಅಕ್ಷರ ತಪ್ಪದೆ ಬರೆದುಕೊಂಡಿದ್ದೆ, ಒಂದು ಪದವೂ ಒಳಗೆ ಇಳಿದಿರಲಿಲ್ಲ.

ಆ ರಾತ್ರಿ ಹಾಸ್ಟೆಲಿನಲ್ಲಿ ಹಾಳೆಯ ಮೇಲೆ ಕನ್ನಡದಲ್ಲೇ ನಾಲ್ಕು ತಲೆಬರಹ ಹಾಕಿಕೊಂಡೆ. ದತ್ತ: ಸೀಕ್ವೆನ್ಸ್, ಜೊತೆಗೆ ಯಾರೋ ಕೊಟ್ಟ ಒಂದು ಎಪ್ಸಿಲಾನ್. ಅದು ಎಷ್ಟೇ ಚಿಕ್ಕದಿರಲಿ, ಸೊನ್ನೆಗಿಂತ ದೊಡ್ಡದು. ಅದನ್ನು ಆರಿಸುವ ಹಕ್ಕು ನನಗಿಲ್ಲ. ಸಾಧನೀಯ: ಸಾಲಿನ ಒಂದು ಪದದಿಂದಾಚೆಗೆ ಎಲ್ಲ ಪದಗಳೂ 3ರಿಂದ ಎಪ್ಸಿಲಾನ್‌ಗಿಂತ ಕಡಿಮೆ ದೂರದಲ್ಲಿವೆ. ಹಾಗಾದರೆ ರಚನೆ ಯಾವುದು? ಅಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ತ್ರಿಭುಜದಲ್ಲಿ ನಾವೇ ಎಳೆಯುತ್ತಿದ್ದ ಚುಕ್ಕಿ ಗೆರೆ ನೆನಪಾಯಿತು. ಇಲ್ಲಿ ನಾವೇ ಹುಡುಕಿ ತರಬೇಕಾದದ್ದು ಎಂ, ಅಂದರೆ 'ಇಲ್ಲಿಂದಾಚೆಗೆ' ಅನ್ನುವ ಜಾಗ.

ಪಕ್ಕದ ರಫ್ ಹಾಳೆಯಲ್ಲಿ ಹಿಂದಿನಿಂದ ಲೆಕ್ಕ ಹಾಕಿದೆ. ಪದಕ್ಕೂ 3ಕ್ಕೂ ಇರುವ ದೂರ ಸರಿಯಾಗಿ 5/(ಎನ್+2). ಅದು ಎಪ್ಸಿಲಾನ್‌ಗಿಂತ ಕಡಿಮೆಯಾಗಬೇಕಾದರೆ ಎನ್ ಎಂಬುದು 5/ಎಪ್ಸಿಲಾನ್ − 2 ಕ್ಕಿಂತ ದೊಡ್ಡದಿರಬೇಕು. ಎಪ್ಸಿಲಾನ್ 0.01 ಕೊಟ್ಟರೆ 498ನೇ ಪದ ದಾಟಿದರೆ ಸಾಕು. 0.001 ಕೊಟ್ಟರೆ 4998. ಅವರು ಬಿಗಿ ಮಾಡಿದಷ್ಟೂ ನಾನು ಮುಂದೆ ಹೋಗಿ ನಿಲ್ಲುತ್ತೇನೆ, ಆದರೆ ಸೋಲುವುದಿಲ್ಲ. ಫೇರ್ ಹಾಳೆಯಲ್ಲಿ ಮಾತ್ರ ಮೊದಲು ಎಂ ಹೇಳಿ, ಆಮೇಲೆ ಮುಂದಕ್ಕೆ ಬರೆದೆ. ಪುಸ್ತಕದಲ್ಲಿ ಇರುವುದು ಬರೀ ಫೇರ್ ಹಾಳೆ ಎಂದು ಗೊತ್ತಾದದ್ದೇ ಅವತ್ತು. 'ಎಂ ಇಷ್ಟಿರಲಿ' ಎಂದು ಅವರು ಮೊದಲ ಸಾಲಿನಲ್ಲೇ ಹೇಳಿದಾಗ ಇದು ಇವರಿಗೆ ಎಲ್ಲಿಂದ ಹೊಳೆಯಿತಪ್ಪ ಎಂದು ಅಂಜುತ್ತಿದ್ದೆನಲ್ಲ, ಅದು ಬಂದದ್ದು ನಮಗೆ ತೋರಿಸದ ರಫ್ ಹಾಳೆಯಿಂದ.

ಆಮೇಲಿಂದ ಓದುವ ಕ್ರಮ ಬದಲಾಯಿತು. ಪ್ರಮೇಯ ಓದಿ, ಪುಸ್ತಕ ಮುಚ್ಚಿ, ನಾಲ್ಕು ತಲೆಬರಹದಡಿ ಬರೆಯುವುದು. ಸಿಕ್ಕಿಬಿದ್ದ ಕಡೆ ಮಾತ್ರ ಪುಸ್ತಕ ತೆರೆದು ಒಂದೇ ಸಾಲು ನೋಡುವುದು. ದಿನಕ್ಕೆ ಒಂದು ಪುಟ ಆದರೂ ಹೆಚ್ಚೇ. ಗೆಳೆಯರು ಅಷ್ಟರಲ್ಲಿ ಒಂದು ಯೂನಿಟ್ ಮುಗಿಸುತ್ತಿದ್ದರು. ನನಗೂ ಒಳಗೊಳಗೇ ಭಯವಿತ್ತು, ಆದರೆ ಬಿಡಲಿಲ್ಲ.

ಇನ್ನೊಂದು ಅಭ್ಯಾಸವೂ ಬೆಳೆಯಿತು. ಪ್ರಮೇಯದಲ್ಲಿ 'ಹೀಗಿದ್ದರೆ ಹಾಗೆ' ಅಂದರೆ, ಹಾಗಿದ್ದರೆ ಹೀಗೂ ಇರುತ್ತದೆಯೇ ಎಂದು ಕೇಳುವುದು. ಸೀರೀಸಿನ ಮೊತ್ತ ಒಂದು ಸಂಖ್ಯೆಗೆ ಹೋಗಿ ನಿಂತರೆ ಪದಗಳು ಸೊನ್ನೆಯತ್ತ ಹೋಗುತ್ತವೆ, ಸರಿ. ಪದಗಳು ಸೊನ್ನೆಯತ್ತ ಹೋದರೆ ಮೊತ್ತ ನಿಲ್ಲುತ್ತದೆಯೇ? 1 + 1/2 + 1/3 + 1/4 ಹೀಗೆ ಕೂಡುತ್ತಾ ಹೋದರೆ ನಿಲ್ಲುವುದಿಲ್ಲ. 1/3 ಮತ್ತು 1/4 ಸೇರಿದರೆ ಅರ್ಧಕ್ಕಿಂತ ಹೆಚ್ಚು. ಮುಂದಿನ ನಾಲ್ಕು ಸೇರಿದರೆ ಮತ್ತೆ ಅರ್ಧಕ್ಕಿಂತ ಹೆಚ್ಚು. ಅದರ ಮುಂದಿನ ಎಂಟೂ ಹಾಗೇ. ಅರ್ಧ ಅರ್ಧ ಸೇರುತ್ತಲೇ ಹೋಗುತ್ತದೆ. ಫ್ರಾನ್ಸಿನ ನಿಕೋಲ್ ಒರೆಮ್ 14ನೇ ಶತಮಾನದಲ್ಲೇ ಕೊಟ್ಟ ಸಾಧನೆ ಇದು. ಮ್ಯಾಥ್ಸ್ ಪ್ರಾಕ್ಟಿಕಲ್ಸಿಗೆಂದು ಕಲಿತ ಸೈಲ್ಯಾಬ್ ಎಂಬ ಸಾಫ್ಟ್‌ವೇರಿನಲ್ಲಿ ಹಾಕಿ ನೋಡಿದೆ, ಮೊತ್ತ 10 ದಾಟಲು 12,367 ಪದ ಬೇಕಾಯಿತು. ಎಷ್ಟು ನಿಧಾನ! ಕ್ಯಾಲ್ಕುಲೇಟರ್ ಹಿಡಿದು ಕೂತವನು ಇದು ನಿಂತೇಬಿಟ್ಟಿತು ಅಂತಲೇ ಹೇಳುತ್ತಾನೆ. ಸಾಧನೆ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಇದನ್ನೇ ತೋರಿಸುತ್ತೇನೆ.

ಗ್ರೂಪ್ ಥಿಯರಿಗೆ ರಟ್ಟು ಕತ್ತರಿಸಿದೆ. ಚೌಕದ ಮೂಲೆಗಳಿಗೆ ಅ, ಆ, ಇ, ಈ ಎಂದು ಎರಡೂ ಬದಿ ಬರೆದುಕೊಂಡು ತಿರುಗಿಸಿ, ಮಗುಚಿ, ಅದೇ ಜಾಗದಲ್ಲಿ ಕೂರಿಸುವ ಎಂಟು ರೀತಿ ಎಣಿಸಿದೆ. ಆ ಎಂಟೂ ಸೇರಿ ಒಂದು ಗ್ರೂಪ್. ಅದರೊಳಗೇ ತನ್ನಷ್ಟಕ್ಕೆ ಗ್ರೂಪಾಗಿರುವ ಭಾಗ ಸಬ್‌ಗ್ರೂಪ್. ಮೊದಲು ತಿರುಗಿಸಿ ಆಮೇಲೆ ಮಗುಚಿದರೆ ಒಂದು, ಮೊದಲು ಮಗುಚಿ ಆಮೇಲೆ ತಿರುಗಿಸಿದರೆ ಇನ್ನೊಂದು. ಕೈಯಲ್ಲಿ ಮಾಡಿ ನೋಡಿದ್ದು ಮರೆಯುವುದಿಲ್ಲ. ಲಗ್ರಾಂಜ್ ಪ್ರಮೇಯದ ಪ್ರಕಾರ ಸಬ್‌ಗ್ರೂಪಿನ ಗಾತ್ರ ಇಡೀ ಗ್ರೂಪಿನ ಗಾತ್ರವನ್ನು ಭಾಗಿಸಬೇಕು. ಭಾಗಿಸುವ ಪ್ರತಿ ಸಂಖ್ಯೆಗೂ ಸಬ್‌ಗ್ರೂಪ್ ಸಿಗುತ್ತದೆಯೇ? ಇಲ್ಲ. ನಾಲ್ಕು ತ್ರಿಕೋನ ಮುಖಗಳ ಟೆಟ್ರಾಹೆಡ್ರನ್ ಮಾಡಿ ತಿರುಗಿಸಿದರೆ 12 ರೀತಿ. ಅವುಗಳಲ್ಲಿ ಮೂರು ಸಲ ಮಾಡಿದರೆ ಮೊದಲಿನಂತಾಗುವವು ಎಂಟು. ಆರರ ಸಬ್‌ಗ್ರೂಪ್ ಒಂದಿದ್ದರೆ ಆ ಎಂಟೂ ಅದರೊಳಗೇ ಬರಬೇಕಾಗುತ್ತದೆ. ಆರರಲ್ಲಿ ಎಂಟು ಹಿಡಿಯುವುದೆಲ್ಲಿ?

ಎರಡನೇ ವರ್ಷದ ಬೇಸಿಗೆಯಲ್ಲಿ, 1993ರಿಂದ ನಡೆದುಬಂದಿರುವ ಎಂಟಿಟಿಎಸ್ (ಮ್ಯಾಥಮ್ಯಾಟಿಕ್ಸ್ ಟ್ರೈನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್) ಎಂಬ ಗಣಿತ ಶಿಬಿರಕ್ಕೆ ಅರ್ಜಿ ಹಾಕಿದೆ, ಸಿಕ್ಕಿತು. ನಾಲ್ಕು ವಾರ. ಮೇಷ್ಟ್ರು ಅಲ್ಲಿ ಹೇಳುವುದಕ್ಕಿಂತ ಕೇಳುವುದೇ ಹೆಚ್ಚು. ಗಣಿತದ ಬಿಎಸ್ಸಿ ಓದುತ್ತಿರುವವರು ಖಂಡಿತ ಪ್ರಯತ್ನಿಸಬೇಕು. ಅಲ್ಲಿ ನನ್ನನ್ನು ಮೂರು ದಿನ ಕಾಡಿದ್ದು ಯೂನಿಫಾರ್ಮ್ ಕಂಟಿನ್ಯುಯಿಟಿ. ಬರೀ ಕಂಟಿನ್ಯುಯಿಟಿ, ಯೂನಿಫಾರ್ಮ್ ಕಂಟಿನ್ಯುಯಿಟಿ, ಎರಡರ ವ್ಯಾಖ್ಯೆಗಳಲ್ಲೂ ಅವೇ ಪದಗಳು, ಜಾಗ ಮಾತ್ರ ಅದಲುಬದಲು. ವ್ಯತ್ಯಾಸ ಕಣ್ಣಿಗೆ ಕಂಡರೂ ಅರ್ಥಕ್ಕೆ ಸಿಗಲಿಲ್ಲ.

ಮತ್ತೆ ಕನ್ನಡಕ್ಕೇ ಬಂದೆ. ಎಕ್ಸ್‌ನ ವರ್ಗ ತೆಗೆದುಕೊಳ್ಳಿ. ಬೆಲೆ 1ಕ್ಕಿಂತ ಹೆಚ್ಚು ಅಲುಗಾಡಬಾರದು ಅಂದರೆ, 10ರ ಹತ್ತಿರ ಸುಮಾರು 0.05ರಷ್ಟು ಓಡಾಡಬಹುದು. 1000ದ ಹತ್ತಿರ ಸುಮಾರು 0.0005 ಮಾತ್ರ. ಇನ್ನೂ ಮುಂದೆ ಹೋದರೆ ಇನ್ನೂ ಕಡಿಮೆ. ಹೀಗೆ ಓಡಾಡಬಹುದಾದ ದೂರವೇ ಡೆಲ್ಟಾ. ಒಂದೊಂದು ಬಿಂದುವಿಗೆ ಒಂದೊಂದು ಡೆಲ್ಟಾ ಸಿಗುತ್ತದೆ, ಎಲ್ಲ ಬಿಂದುಗಳಿಗೂ ಒಂದೇ ಡೆಲ್ಟಾ ಸಿಗುವುದಿಲ್ಲ. ಹಾಸ್ಟೆಲಿನಲ್ಲಿ ಒಂದೊಂದು ರೂಮಿಗೆ ಒಂದೊಂದು ಕೀಲಿ ಇದೆಯೋ, ಎಲ್ಲ ರೂಮಿಗೂ ಒಂದೇ ಕೀಲಿಯೋ, ಅಷ್ಟೇ ವ್ಯತ್ಯಾಸ. ನಮ್ಮ 'ಒಂದೊಂದು' ಅನ್ನುವ ಪದದಲ್ಲೇ ಅದು ಕೂತಿತ್ತು.

ರೂಮಿನಲ್ಲಿದ್ದ ಅನಂತಪುರದ ಹುಡುಗನೂ ಅದೇ ಲೆಕ್ಕದಲ್ಲಿ ಒದ್ದಾಡಿ ಮಲಗಿದ್ದ. ಎಬ್ಬಿಸಿ, ನನಗೆ ಬರುವ ಹರಕು ಇಂಗ್ಲಿಷಿನಲ್ಲಿ ಕೀಲಿಯ ವಿಷಯ ಹೇಳಿದೆ. ಅವನು ಕಣ್ಣುಜ್ಜಿಕೊಂಡು ಕೂತ, ನೋಟ್‌ಬುಕ್ ಎಳೆದುಕೊಂಡ. "ಒಕ್ಕೊಕ್ಕದಾನಿಕಿ ಒಕ್ಕೊಕ್ಕಟಿ, ಅನ್ನಿಟಿಕೀ ಒಕ್ಕಟೇ" ಎಂದು ಹೇಳಿಕೊಳ್ಳುತ್ತಾ ತೆಲುಗಿನಲ್ಲಿ ಬರೆಯತೊಡಗಿದ.